ಮಲ್ಲಿಗೆಯನ್ನು ಕುಡಿಯುವ ಸೊಬಗು

ಮಲ್ಲಿಗೆಯನ್ನು ಮುಡಿಯುವುದನ್ನೂ ದೇವರಿಗೆ ಏರಿಸುವುದನ್ನೂ ನಾವು ಬಲ್ಲೆವು. ಅದರ ಪರಿಮಳವನ್ನು ಬಟ್ಟಲಿಗಿಳಿಸಿ ಕುಡಿಯುವ ವಿದ್ಯೆಯನ್ನು ಕೈವಶ ಮಾಡಿಕೊಂಡವರು ಚೀನೀಯರು. ಹೂವು ಮಾತ್ರ ಅವರಲ್ಲಿಗೆ ಹೊರಗಿನಿಂದ ಬಂದುದು. ಚೀನೀ ಭಾಷೆಯಲ್ಲಿ ಅದರ ಹೆಸರು ‘ಮೊಲಿ’. ಇದು ಸಂಸ್ಕೃತದ ‘ಮಲ್ಲಿಕಾ’ ಶಬ್ದದಿಂದ ಬಂದುದೆಂದು ಭಾಷಾಪಂಡಿತರ ಅಭಿಪ್ರಾಯ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಮ್ಮ ಶಂಕರಪುರದ ಉಡುಪಿ ಮಲ್ಲಿಗೆಯೂ ಅವರ ಚಹದ ಮಲ್ಲಿಗೆಯೂ ಒಂದೇ ಜಾತಿ.

ಈ ಚಹದ ತವರು ಮಿನ್ ನದಿಯ ದಡದ ಫೂಜೌ ನಗರ. 19ನೆಯ ಶತಮಾನದ ನಡುಭಾಗದಿಂದ ಇಲ್ಲಿ ಅದರ ತಯಾರಿಕೆ ದೊಡ್ಡ ಉದ್ಯಮವಾಗಿ ಬೆಳೆಯಿತು. ಚಹದ ಚಿಗುರು ವಸಂತದ ಬೆಳೆ. ಮಲ್ಲಿಗೆಯ ಸುಗ್ಗಿ ಬೇಸಗೆಯಲ್ಲಿ. ಆದುದರಿಂದ ವಸಂತದಲ್ಲಿ ಕೊಯ್ದು ಒಣಗಿಸಿದ ಎಲೆ ತಿಂಗಳುಗಟ್ಟಲೆ ಹೂವಿಗಾಗಿ ಕಾದಿರಬೇಕು. ಹೂವಾದರೋ ಯಾರಿಗಾಗಿಯೂ ಕಾಯುವುದಿಲ್ಲ. ಅದರ ಆಯುಷ್ಯ ಒಂದೇ ಇರುಳು.

ಉರಿಬಿಸಿಲಿನ ಮಧ್ಯಾಹ್ನದಲ್ಲಿ, ಅಂದು ರಾತ್ರಿ ಬಿರಿಯಲಿರುವ ಮೊಗ್ಗುಗಳನ್ನು ಮಾತ್ರ ಆರಿಸಿ ಬಿಡಿಸುತ್ತಾರೆ. ಸಂಜೆ ಕಳೆದು ಅವು ಅರಳತೊಡಗಿದಾಗ ಚಹದ ಎಲೆಯೊಡನೆ ಬೆರೆಸಿ ರಾಶಿ ಹಾಕುತ್ತಾರೆ. ಒಣ ಎಲೆಗೆ ಬಳಿಯಲ್ಲಿರುವ ತೇವವನ್ನೂ ವಾಸನೆಯನ್ನೂ ಹೀರುವ ಗುಣವುಂಟು. ರಾಶಿಯೊಳಗೆ ಕಾವು ಏರುತ್ತದೆ. ಮಿತಿ ಮೀರಿದರೆ ಹೂವು ಬೆಂದು ಪರಿಮಳ ಕೆಡುತ್ತದೆ. ಅದಕ್ಕಾಗಿ ನಡುರಾತ್ರಿಯಲ್ಲೂ ಕೆಲಸಗಾರರು ಎಚ್ಚರವಿದ್ದು, ರಾಶಿಯನ್ನು ಹರಡಿ, ಆರಿಸಿ, ಮತ್ತೆ ಕೂಡಿಸಬೇಕು. ಬೆಳಗಾದ ಮೇಲೆ ಬಾಡಿದ ಹೂವುಗಳನ್ನು ಜರಡಿಯಾಡಿ ತೆಗೆದು, ಎಲೆಯನ್ನು ಹದವಾದ ಶಾಖದಲ್ಲಿ ಒಣಗಿಸುತ್ತಾರೆ. ಮತ್ತೆ ಹೊಸ ಹೂವು, ಮತ್ತೆ ಜಾಗರಣೆ! ಉತ್ತಮ ದರ್ಜೆಯ ಚಹಕ್ಕೆ ಇದು ಆರೇಳು ಬಾರಿ ನಡೆಯುವುದುಂಟು; ಆಗ ಎಲೆಯ ತೂಕಕ್ಕಿಂತ ಹೂವಿನ ತೂಕವೇ ಹೆಚ್ಚು.

ಇಷ್ಟಾದರೂ ಕೊನೆಗೆ ಚಹದಲ್ಲಿ ಹೂವು ಉಳಿಯುವುದಿಲ್ಲ. ಕೆಲವೆಡೆ ಅಂದಕ್ಕಾಗಿ ನಾಲ್ಕು ಎಸಳು ಬಿಡುವರಾದರೂ ಸುವಾಸನೆ ಅವುಗಳದಲ್ಲ. ಜರಡಿಯಲ್ಲಿ ಹೊರಬಿದ್ದ ಹೂವುಗಳದು.

ಇದನ್ನು ಸವಿಯುವುದಕ್ಕೂ ಒಂದು ಕ್ರಮವುಂಟು. ಮುಚ್ಚಳವುಳ್ಳ ಪಿಂಗಾಣಿ ಬಟ್ಟಲಿಗೆ ಮೂರು ಗ್ರಾಮಿನಷ್ಟು ಎಲೆ ಹಾಕಿ, ಕುದಿದು ತುಸು ಆರಿದ ನೀರನ್ನೆರೆದು, ಎರಡು ಮೂರು ನಿಮಿಷ ಮುಚ್ಚಿಡಬೇಕು. ಹಾಲು ಸಕ್ಕರೆಗಳ ಗೊಡವೆ ಬೇಡ. ಮೊದಲು ಮುಚ್ಚಳವನ್ನೆತ್ತಿ ಅದರ ಒಳಮೈಯನ್ನು ಮೂಸಿ ನೋಡಬೇಕು: ಮಲ್ಲಿಗೆಯ ಮೊದಲ ಕುಶಲಪ್ರಶ್ನೆ ಅಲ್ಲಿಯೇ. ಅನಂತರ ಸಣ್ಣ ಗುಟುಕು. ಮೊದಲು ನಾಲಗೆಗೆ ನವುರಾದ ಒಗರು. ಹಿಂದೆಯೇ ಗಂಟಲಲ್ಲಿ ತಣ್ಣನೆಯ ಸಿಹಿ. ಅದೇ ಎಲೆಗೆ ಎರಡನೆಯ, ಮೂರನೆಯ ಬಾರಿ ನೀರೆರೆದರೂ ಪರಿಮಳ ಉಳಿದಿದ್ದರೆ ಚಹ ಉತ್ತಮವೆಂದು ತಿಳಿಯಬಹುದು. ಮೇಲೆ ಸುಗಂಧ ಸಿಂಪಡಿಸಿದ ಅಗ್ಗದ ಸರಕು ಮೊದಲ ಬಟ್ಟಲಿಗೇ ಬರಿದಾಗುತ್ತದೆ.

ಚೀನದಲ್ಲಿ ಇದರ ದೊಡ್ಡ ಅಭಿಮಾನಿಗಳು ಬೀಜಿಂಗಿನವರು. ಹಿಂದಿನ ಕಾಲದಲ್ಲಿ ಅಲ್ಲಿನ ಬಾವಿಗಳ ನೀರು ಬಹುಪಾಲು ಕಹಿ. ಆ ಕಹಿಯನ್ನು ಮರೆಸುವ ಶಕ್ತಿ ಈ ಪರಿಮಳಕ್ಕಿತ್ತು.

ಆದರೆ ತವರಿನಲ್ಲಿಯೇ ಮಲ್ಲಿಗೆಗೆ ಕಷ್ಟಕಾಲ ಬಂದಿತು. 20ನೆಯ ಶತಮಾನದ ಕೊನೆಯಲ್ಲಿ ಫೂಜೌ ನಗರ ಬೆಳೆದಂತೆ ಹೂದೋಟಗಳು ಕುಗ್ಗಿದವು. ಮಲ್ಲಿಗೆಯ ಬೇಸಾಯದಲ್ಲಿ ಗುವಾಂಗ್‌ಶಿ ಪ್ರಾಂತದ ಹೆಂಗ್‌ಜೌ ಮುಂದಾಯಿತು. ಉಳಿದುದನ್ನು ಕಾಪಾಡುವ ಯತ್ನವೂ ನಡೆಯಿತು. 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಫೂಜೌವಿನ ಮಲ್ಲಿಗೆ-ಚಹದ ಬೇಸಾಯವನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮನ್ನಿಸಿತು. 2022ರಲ್ಲಿ ಚೀನದ ಸಾಂಪ್ರದಾಯಿಕ ಚಹ ತಯಾರಿಕೆಯ ಕಲೆಗಳು ಯುನೆಸ್ಕೋದ ಪಟ್ಟಿಗೆ ಸೇರಿದವು. ಫೂಜೌವಿನ ಈ ಕಲೆಯೂ ಅವುಗಳಲ್ಲೊಂದು.

ಮನ್ನಣೆಯೇನೋ ಸಂತೋಷದ್ದೇ. ಆದರೆ ಕಲೆ ಬದುಕುವುದು ಪಟ್ಟಿಯಿಂದಲ್ಲ. ಬಿಸಿಲಲ್ಲಿ ಮೊಗ್ಗು ಬಿಡಿಸುವ ಕೈ, ಇರುಳಲ್ಲಿ ರಾಶಿಯ ಕಾವನ್ನು ಮುಟ್ಟಿ ನೋಡುವ ಕೈ ಇವುಗಳಿಂದ. ಪರಿಮಳದ ವ್ಯತ್ಯಾಸವನ್ನು ಬಲ್ಲ ನಾಲಗೆಗಳಿರುವವರೆಗೆ ಆ ಕೈಗಳಿಗೆ ಕೆಲಸವುಂಟು.