ಹಳೆಯ ಅಂಬಾಸಿಡರ್‌ಗೆ ಹೊಸ ವೈರಿಂಗ್: ಕಿಟ್ ಆರಿಸುವುದು ಹೇಗೆ?

ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಅಂಬಾಸಿಡರ್‌ಗೆ ಮತ್ತೆ ಜೀವ ಕೊಡಲು ಹೊರಟಿದ್ದೀರಿ. ಎಂಜಿನ್ ಬಿಚ್ಚಿ ಕಟ್ಟಿಸಿದ್ದಾಯಿತು. ತುಕ್ಕು ಹಿಡಿದ ತಗಡು ಬದಲಾಯಿತು. ಆದರೆ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದರೆ ತಂತಿಯ ಹೊದಿಕೆ ಉದುರುತ್ತದೆ. ಎಂದೋ ಯಾರೋ ಟೇಪು ಸುತ್ತಿದ ಜಾಯಿಂಟುಗಳು, ಇಲಿ ಕಡಿದ ಗುರುತುಗಳು. ಇಂಥ ತಂತಿಗೆ ತೇಪೆ ಹಾಕುತ್ತ ಹೋಗಬೇಡಿ. ಪೂರ್ತಿ ತೆಗೆಸಿ ಹೊಸದು ಹಾಕಿಸಿ. ಸೀಟು, ಮ್ಯಾಟು, ಒಳಚಾವಣಿಯ ಬಟ್ಟೆ ಹಾಕಿಸುವ ಮೊದಲೇ ಈ ಕೆಲಸ ಮುಗಿಯಬೇಕು.

ವೈರಿಂಗ್ ಕಿಟ್ ಎಂದರೆ ಬ್ಯಾಟರಿಯಿಂದ ಪ್ರತಿ ದೀಪ, ಪ್ರತಿ ಸ್ವಿಚ್ಚಿನವರೆಗೆ ಹೋಗುವ ತಂತಿಗಳ ಪೂರ್ತಿ ಸೆಟ್. ತಂತಿಗಳನ್ನು ಜಡೆಯ ಹಾಗೆ ಒಟ್ಟುಗೂಡಿಸಿ ಕಟ್ಟಿರುತ್ತಾರೆ. ಆ ಜಡೆಗೆ ಹಾರ್ನೆಸ್ ಅಥವಾ ಲೂಮ್ ಎಂದು ಹೆಸರು. ಜೊತೆಗೆ ಫ್ಯೂಸ್ ಪೆಟ್ಟಿಗೆ, ಕನೆಕ್ಟರುಗಳು, ಯಾವ ತಂತಿ ಎಲ್ಲಿಗೆ ಎಂದು ತೋರಿಸುವ ನಕ್ಷೆ ಇರಬಹುದು. ಕೊಳ್ಳುವಾಗ ನಕ್ಷೆ ಇದೆಯೇ ಎಂದು ಮೊದಲು ಕೇಳಿ.

ಕಿಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಮೂಲ ಮಾದರಿಯದು. ಅಂಬಾಸಿಡರ್ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಸಂತಾನ. ಹಾಗಾಗಿ ಆ ಕಾಲದ ಬ್ರಿಟಿಷ್ ಕಾರುಗಳಿಗೆ ವಿದ್ಯುತ್ ಭಾಗಗಳನ್ನು ಒದಗಿಸುತ್ತಿದ್ದ ಲೂಕಾಸ್ ಕಂಪನಿಯ ಬಣ್ಣದ ಪದ್ಧತಿ ಗೊತ್ತಿದ್ದರೆ ಅರ್ಧ ಕೆಲಸ ಸುಲಭ. ಅದರಲ್ಲಿ ಕಂದು ತಂತಿ ಬ್ಯಾಟರಿಯಿಂದ ನೇರ ಬರುವುದು, ಅದರಲ್ಲಿ ಸದಾ ಕರೆಂಟ್ ಇರುತ್ತದೆ. ಬಿಳಿಯದು ಕೀಲಿ ತಿರುಗಿಸಿದ ಮೇಲೆ ಜೀವ ಪಡೆಯುವುದು. ಹಸಿರು ಅದೇ ಕರೆಂಟು, ಫ್ಯೂಸ್ ದಾಟಿ ಬಂದದ್ದು. ನೀಲಿ ಹೆಡ್‌ಲೈಟಿಗೆ, ಕೆಂಪು ಸಣ್ಣ ದೀಪಗಳಿಗೆ, ಕಪ್ಪು ಅರ್ತಿಂಗ್‌ಗೆ.

ಇನ್ನೊಂದು ಯೂನಿವರ್ಸಲ್ ಕಿಟ್, ಅಂದರೆ ಯಾವ ಕಾರಿಗಾದರೂ ಹೊಂದಿಸಿಕೊಳ್ಳಬಹುದಾದದ್ದು. ಅಮೆರಿಕದಲ್ಲಿ ಇವುಗಳ ಬಳಕೆ ಹೆಚ್ಚು. ತಂತಿಗಳು ಬೇಕಾದ್ದಕ್ಕಿಂತ ಉದ್ದವಾಗಿರುತ್ತವೆ, ಅಳೆದು ಕತ್ತರಿಸಿಕೊಳ್ಳಬೇಕು. ಒಳ್ಳೆಯ ಕಿಟ್‌ನಲ್ಲಿ ತಂತಿಯ ಮೈಮೇಲೇ ಅದರ ಕೆಲಸ ಅಚ್ಚಾಗಿರುತ್ತದೆ. ಆದರೆ ಬಣ್ಣಗಳು ಸಾಮಾನ್ಯವಾಗಿ ಜನರಲ್ ಮೋಟಾರ್ಸ್ ಪದ್ಧತಿಯವು. ಲೂಕಾಸ್ ಬಣ್ಣ ನೋಡಿ ಕಲಿತ ಮೆಕ್ಯಾನಿಕ್ ಅಲ್ಲಿ ತಡವರಿಸುತ್ತಾನೆ.

ಯಾವುದು ಬೇಕು? ಅಂಗಡಿಗೆ ಹೋಗುವ ಮೊದಲು ಕಾಗದ, ಪೆನ್ಸಿಲ್ ಹಿಡಿದು ಕೂರಿ. ಕಾರಿನಲ್ಲಿ ಕರೆಂಟ್ ತಿನ್ನುವ ಪ್ರತಿಯೊಂದನ್ನೂ ಬರೆಯಿರಿ. ವ್ಯಾಟ್ ಅನ್ನು 12ರಿಂದ ಭಾಗಿಸಿದರೆ ಆಂಪಿಯರ್, ಅಂದರೆ ಹರಿಯುವ ಕರೆಂಟಿನ ಪ್ರಮಾಣ ಸಿಗುತ್ತದೆ. 60 ವ್ಯಾಟಿನ ಎರಡು ಹೆಡ್‌ಲೈಟಿಗೆ 10 ಆಂಪಿಯರ್. ಸಣ್ಣ ದೀಪಗಳಿಗೆ 2. ವೈಪರ್ ಮೋಟರಿಗೆ ಸುಮಾರು 3, ಇಗ್ನಿಷನ್ ಕಾಯಿಲ್‌ಗೆ ಸುಮಾರು 4. ಮಳೆಯ ರಾತ್ರಿ ಇಷ್ಟಕ್ಕೇ 19 ಆಯಿತು. ಆ ಕಾಲದ ಲೂಕಾಸ್ ಡೈನಮೋಗಳು ಕೊಡುತ್ತಿದ್ದುದು ಹೆಚ್ಚೆಂದರೆ 19ರಿಂದ 22 ಆಂಪಿಯರ್, ಅದೂ ಗಾಡಿ ವೇಗವಾಗಿ ಓಡುವಾಗ. ಇದರ ಮೇಲೆ ಎಸಿ, ವಿದ್ಯುತ್ ಫ್ಯಾನು, ದೊಡ್ಡ ಮ್ಯೂಸಿಕ್ ಸಿಸ್ಟಂ ಬೇಕೆಂದರೆ ಮೊದಲು ಡೈನಮೋ ಬದಲು ಆಲ್ಟರ್ನೇಟರ್ ಹಾಕಿಸಿ, ಆಮೇಲೆ ಕಿಟ್ ಕೊಳ್ಳಿ. ಕಿಟ್ ಬದಲಾಯಿಸಿದ ಮಾತ್ರಕ್ಕೆ ಕರೆಂಟು ಹೆಚ್ಚುವುದಿಲ್ಲ.

ಇನ್ನು ತಂತಿಯ ದಪ್ಪ. ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. 1 ಚದರ ಮಿಲಿಮೀಟರ್ ದಪ್ಪದ 4 ಮೀಟರ್ ತಾಮ್ರದ ತಂತಿಯಲ್ಲಿ 10 ಆಂಪಿಯರ್ ಹರಿದರೆ ಸುಮಾರು 0.7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಅಷ್ಟಕ್ಕೇ ದೀಪದ ಬೆಳಕು ಹತ್ತಿರ ಹತ್ತಿರ ಐದನೇ ಒಂದು ಭಾಗ ಇಳಿಯುತ್ತದೆ. 2.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ 0.3 ವೋಲ್ಟಿನೊಳಗೆ ನಿಲ್ಲುತ್ತದೆ. ಹಳೆಯ ಕಾರಿನ ಲೈಟು ಮಂಕು ಎಂದು ಹೆಚ್ಚು ವ್ಯಾಟಿನ ಬಲ್ಬು ಹಾಕಿಸುವವರಿದ್ದಾರೆ. ಸಣ್ಣ ತಂತಿಗೆ ದೊಡ್ಡ ಬಲ್ಬು ಹಾಕಿದರೆ ತಂತಿ ಕಾಯುತ್ತದೆ, ಬೆಂಕಿಗೆ ದಾರಿಯಾಗುತ್ತದೆ. ಮೊದಲು ತಂತಿ ಬದಲಿಸಿ, ಮೂಲ ವ್ಯಾಟಿನ ಬಲ್ಬೇ ಸಾಕಾಗಬಹುದು.

ಹೆಡ್‌ಲೈಟಿಗೆ ರಿಲೇ ಇರಲಿ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಪುಟ್ಟ ಪೆಟ್ಟಿಗೆ. ಡ್ಯಾಶ್‌ಬೋರ್ಡಿನ ಸ್ವಿಚ್ಚು ರಿಲೇಗೆ ಸನ್ನೆ ಮಾಡುತ್ತದೆ ಅಷ್ಟೆ, ಭಾರ ಬೀಳುವುದು ರಿಲೇ ಮೇಲೆ. ಅದರ ಕಾಲುಗಳ ಮೇಲೆ 30, 85, 86, 87 ಎಂದು ಬರೆದಿರುತ್ತದೆ. 30ಕ್ಕೆ ಬ್ಯಾಟರಿಯ ಕರೆಂಟು, 87ರಿಂದ ದೀಪಕ್ಕೆ. ಉಳಿದೆರಡರಲ್ಲಿ ಒಂದಕ್ಕೆ ಸ್ವಿಚ್ಚಿನ ತಂತಿ, ಇನ್ನೊಂದು ಅರ್ತ್‌ಗೆ.

ಮೋರಿಸ್ ಕಾಲದ ಬ್ರಿಟಿಷ್ ಕಾರುಗಳಲ್ಲಿ ಇರುತ್ತಿದ್ದುದು ಎರಡೇ ಫ್ಯೂಸ್, ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ಲೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಸುಟ್ಟುಹೋಗುವ ಮಟ್ಟ, ಸತತವಾಗಿ ತಡೆಯುವುದು 17 ಮಾತ್ರ. ಆದ್ದರಿಂದ ನನ್ನ ಸಲಹೆ ಇದು: ಕಾರು ಹೆಚ್ಚುಕಡಿಮೆ ಮೊದಲಿನಂತೆಯೇ ಇದ್ದರೆ ಮೂಲ ಮಾದರಿಯ ಹಾರ್ನೆಸ್ ತೆಗೆದುಕೊಳ್ಳಿ, ಜೊತೆಗೆ ರಿಲೇ ಮತ್ತು ಹೆಚ್ಚುವರಿ ಫ್ಯೂಸ್ ಪೆಟ್ಟಿಗೆ ಸೇರಿಸಿ. ಬೇರೆ ಎಂಜಿನ್, ಎಸಿ, ಪವರ್ ವಿಂಡೋ ಎಲ್ಲ ಹಾಕಿಸುವವರಿಗೆ ಮಾತ್ರ ಯೂನಿವರ್ಸಲ್ ಕಿಟ್ ಒಪ್ಪುತ್ತದೆ.

ಒಂದು ಎಚ್ಚರ. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುತ್ತಿತ್ತು. ನಿಮ್ಮದು ಹೇಗಿದೆ ನೋಡಿಕೊಳ್ಳಿ. ಅದನ್ನು ಗಮನಿಸದೆ ಆಲ್ಟರ್ನೇಟರ್ ಜೋಡಿಸಿದರೆ ಕ್ಷಣದಲ್ಲಿ ಸುಡಬಹುದು, ಎಲ್‌ಇಡಿ ಉರಿಯದಿರಬಹುದು ಅಥವಾ ಕೆಡಬಹುದು.

ನಿಮ್ಮ ಕಾರಿಗೆ 50 ವರ್ಷ ದಾಟಿದೆಯೇ? 2021ರ ಕೇಂದ್ರದ ನಿಯಮದಂತೆ ಮೂಲ ರೂಪದಲ್ಲಿರುವ ಅಂಥ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ನಿಗದಿಯಾದ ಶುಲ್ಕ 20,000 ರೂಪಾಯಿ. ಆ ದಾರಿ ಹಿಡಿಯುವವರಿಗೂ ಮೂಲ ಮಾದರಿಯೇ ಲೇಸು.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತರೂ ಬಿಡಿಭಾಗ ಹುಡುಕುವವರಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ದೆಹಲಿಯ ಕಾಶ್ಮೀರಿ ಗೇಟ್, ಕೋಲ್ಕತ್ತದ ಮಲ್ಲಿಕ್ ಬಜಾರ್ ಇವೆ. ಬ್ರಿಟನ್ನಿನ ಆಟೋಸ್ಪಾರ್ಕ್ಸ್ ಸಂಸ್ಥೆ ಹಳೆಯ ಬ್ರಿಟಿಷ್ ಕಾರುಗಳ ಹಾರ್ನೆಸ್‌ಗಳನ್ನೇ ಮಾಡುತ್ತದೆ. ಅಮೆರಿಕದ ಕಿಟ್‌ಗೆ ಕೆಲವು ನೂರು ಡಾಲರ್, ಮೇಲೆ ಸಾಗಣೆ ಮತ್ತು ಸುಂಕ. ಅನುಭವಿ ಆಟೋ ಎಲೆಕ್ಟ್ರಿಷಿಯನ್ ಹಳೆಯ ಜಡೆಯನ್ನು ಹಲಗೆಯ ಮೇಲೆ ಹರಡಿ, ಮೊಳೆ ಹೊಡೆದು, ಅದೇ ಅಳತೆಯಲ್ಲಿ ಹೊಸದನ್ನು ಹೆಣೆದುಕೊಡಬಲ್ಲ. ಇದು ಕೆಲವು ಸಾವಿರ ರೂಪಾಯಿಯಲ್ಲಿ ಮುಗಿಯುವ ಕೆಲಸ. ತಂತಿ ಮಾತ್ರ ನೀವೇ ನೋಡಿ ಕೊಳ್ಳಿ. ಒಂದು ತುದಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರಬಹುದು, ಬೇಡ. ಮನೆಗೆ ಹಾಕುವ ವೈರೂ ಬೇಡ, ಎಣ್ಣೆ ಮತ್ತು ಬಿಸಿ ತಡೆಯುವ ವಾಹನದ ವೈರೇ ಬೇಕು.

ಜೋಡಣೆ ಮುಗಿದ ಮೇಲೆ ಬ್ಯಾಟರಿಯನ್ನು ನೇರವಾಗಿ ಸೇರಿಸಬೇಡಿ. ಎಲ್ಲ ಸ್ವಿಚ್ಚು ಆಫ್ ಮಾಡಿ, ಬ್ಯಾಟರಿ ಮತ್ತು ಕೇಬಲಿನ ನಡುವೆ 21 ವ್ಯಾಟಿನ ಒಂದು ಬಲ್ಬು ಜೋಡಿಸಿ. ಬಲ್ಬು ಪ್ರಖರವಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ, ಹುಡುಕಿ ಸರಿಪಡಿಸಿ. ಕೊನೆಯ ಇಂಡಿಕೇಟರ್ ಮಿನುಗುವ ತನಕ ಹಳೆಯ ಹಾರ್ನೆಸ್ ಅನ್ನು ಗುಜರಿಗೆ ಕೊಡಬೇಡಿ.