ಹಿಮ್ಮೆಟ್ಟುವ ಪಡೆಯ ನಿಯಮ

ಚದುರಂಗದ ಕಾಲಾಳು ಮುಂದೆ ಹೋಗಬಲ್ಲನೇ ಹೊರತು ಹಿಂದೆ ಸರಿಯಲಾರ. ಉಳಿದ ಕಾಯಿಗಳು ಹಿಂದೆ ಸರಿಯುವುದುಂಟು. ಆದರೆ ಆಡುವವನು ಸರಿಸಿದರೆ ಮಾತ್ರ. ಆನೆಯನ್ನು ಕಂಡು ಹೆದರಿದ ಕುದುರೆ ತಾನಾಗಿಯೇ ಓಡಿತೆಂಬ ಮಾತು ಅಲ್ಲಿಲ್ಲ. ನಾನು ಇಂದು ಹೇಳಹೊರಟಿರುವುದು ಕಾಯಿಗಳು ಒಡೆಯನ ಅಪ್ಪಣೆಯಿಲ್ಲದೆ ಹಿಮ್ಮೆಟ್ಟುವ ಒಂದು ಆಟದ ವಿಚಾರ.

ಪುಟ್ಟ ಬೊಂಬೆ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ದೂರವನ್ನು ಅಳೆದು, ದಾಳ ಹಾಕಿ ಆಡುವ ಯುದ್ಧದಾಟಗಳು ಯೂರೋಪಿನಲ್ಲಿ ಬೆಳೆದು ಬಂದವು. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ಆಟವನ್ನು ನಕ್ಷೆಯ ಮೇಲೆ ಆಡುತ್ತಿದ್ದರು. ಅದರಲ್ಲಿ ಒಂದು ಸರದಿಯೆಂದರೆ 2 ನಿಮಿಷಗಳ ಯುದ್ಧ. ಅಷ್ಟರಲ್ಲಿ ಒಂದು ಪಡೆ ಎಷ್ಟು ದೂರ ಸಾಗಬಲ್ಲುದೋ ಅಷ್ಟೇ ಅದರ ನಡೆ. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಬೊಂಬೆ ಸೈನಿಕರಿಗಾಗಿಯೇ ನಿಯಮಗಳನ್ನು ಬರೆದ. ಕಾಲಾಳಿಗೆ 1 ಅಡಿ, ಕುದುರೆಗೆ 2 ಅಡಿ. ಅವನ ಸೈನಿಕರು ಸಾಯುತ್ತಾರೆ, ಸೆರೆಯಾಗುತ್ತಾರೆ. ಧೈರ್ಯಗೆಟ್ಟು ಓಡುವ ನಿಯಮ ಮಾತ್ರ ಅಲ್ಲಿಲ್ಲ. ಈಚಿನ ನಿಯಮಾವಳಿಗಳು ಆ ಭಯಕ್ಕೂ ಅಳತೆ ಗೊತ್ತುಮಾಡಿದವು. ನಡೆ ಆಟಗಾರನ ಇಚ್ಛೆ. ಹಿಮ್ಮೆಟ್ಟುವುದು ಪಡೆಯ ಪಾಡು.

ಇಲ್ಲಿಯೇ ವ್ಯಾಖ್ಯಾನದ ತೊಡಕು. ಒಮ್ಮೆ ಗೆಳೆಯರೊಬ್ಬರ ಮನೆಯಲ್ಲಿ ಆಟಕ್ಕೆ ಕುಳಿತಿದ್ದೆ. ಸೋತ ನನ್ನ ಕುದುರೆಪಡೆ 4 ಅಂಗುಲ ನೇರ ಹಿಂದೆ ಸರಿಯಬೇಕು. ಅದರ ಬೆನ್ನಿಗೇ ನನ್ನ ಕಾಲಾಳು ನಿಂತಿದ್ದರು. ಒಂದು ಪಡೆಯನ್ನು ಹಾದು ಇನ್ನೊಂದು ಸಾಗಕೂಡದೆಂದು ನಡೆಯ ಅಧ್ಯಾಯ. ಸರಿಯಲು ಎಡೆಯಿಲ್ಲದ ಪಡೆ ನಾಶವೆಂದು ಹಿಮ್ಮೆಟ್ಟುವ ಅಧ್ಯಾಯ. ಹಿಮ್ಮೆಟ್ಟುವುದು ನಡೆಯೇ ಅಲ್ಲ, ಆದ್ದರಿಂದ ಆ ನಿಷೇಧ ಇದಕ್ಕೆ ತಗಲದು ಎಂದು ನಾನು ವಾದಿಸಿ ಗೆದ್ದೆ. ಅರ್ಧ ಗಂಟೆಯ ಬಳಿಕ ಗೆಳೆಯರ ಪಡೆ ಅದೇ ಇಕ್ಕಟ್ಟಿಗೆ ಸಿಲುಕಿತು. ಹಿಮ್ಮೆಟ್ಟುವುದೂ ಒಂದು ನಡೆಯೇ ಎಂದು ತೋರಿಸಲು ನನ್ನ ಕೈ ಆಗಲೇ ಪುಸ್ತಕದ ಹಾಳೆ ತಿರುವುತ್ತಿತ್ತು! ಅವರು ಏನೂ ಹೇಳಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದರು.

ಇಂಥಲ್ಲಿ ನಮ್ಮ ಶಾಸ್ತ್ರಕಾರರ ಮಾತು ನೆರವಿಗೆ ಬರುತ್ತದೆ. ಸಾಮಾನ್ಯ ವಿಧಿ ಉತ್ಸರ್ಗ. ಅದಕ್ಕೆ ಅಡ್ಡ ಬರುವ ವಿಶೇಷ ವಿಧಿ ಅಪವಾದ. ಅಪವಾದವು ಬಾಯಿಬಿಟ್ಟು ಹೇಳಿದಷ್ಟಕ್ಕೇ ಬಲವುಳ್ಳದ್ದು. ಅದು ಮೌನವಾಗಿರುವಲ್ಲಿ ಉತ್ಸರ್ಗವೇ ನಿಲ್ಲುತ್ತದೆ. ಹಿಮ್ಮೆಟ್ಟುವ ಅಧ್ಯಾಯ ದೂರವನ್ನು, ದಿಕ್ಕನ್ನು ಹೇಳಿತ್ತು, ಹಾದುಹೋಗಬಹುದೆಂದು ಹೇಳಿರಲಿಲ್ಲ.

ಅಕ್ಷರದಿಂದಲೂ ಬಗೆಹರಿಯದಿದ್ದರೆ ನಿಯಮದ ಉದ್ದೇಶವನ್ನು ಕೇಳಬೇಕು. ಪ್ರಷ್ಯದ ವೆರ್ಡಿ ದು ವೆರ್ನುವಾ 1876ರಲ್ಲಿ ತೊಡಕಿನ ನಿಯಮಗಳನ್ನು ಬದಿಗಿಟ್ಟು ಅನುಭವಿಯಾದ ಮಧ್ಯಸ್ಥನ ವಿವೇಕಕ್ಕೇ ತೀರ್ಪನ್ನು ಬಿಟ್ಟುಕೊಟ್ಟ. ಇಂಗ್ಲೆಂಡಿನಲ್ಲಿ 1990ರಲ್ಲಿ ಬಂದ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್' ನಿಯಮಾವಳಿಯಲ್ಲಿ, ಪಕ್ಕಕ್ಕೋ ಬೆನ್ನಿಗೋ ಶತ್ರು ತಗಲಿ ನಿಂತಿರುವಾಗ ಹಿಂದೆ ಸರಿಯಬೇಕಾಗಿ ಬಂದ ಪಡೆ ನಾಶವಾಗುತ್ತದೆ. ಇದರ ಆಶಯ ಸ್ಪಷ್ಟ: ಸೋಲು ಸಾವಲ್ಲ, ದಾರಿಯಿಲ್ಲದ ಸೋಲು ಸಾವು. ದಾರಿ ಉಳಿಸುವುದು ಸೈನಿಕನ ಕೆಲಸವಲ್ಲ, ಸೇನಾಪತಿಯದು. ಕಾಲಾಳನ್ನು ಕುದುರೆಯ ಬೆನ್ನಿಗೆ ಒತ್ತಿ ನಿಲ್ಲಿಸಿದವನು ನಾನೇ ತಾನೆ?

ಇಂಥ ಅರ್ಥನಿರ್ಣಯವನ್ನು ದಾಳ ಉರುಳುವ ಮೊದಲೇ ಮಾಡಿಕೊಳ್ಳಬೇಕು, ಯಾರ ಪಡೆ ಸಿಕ್ಕಿಬೀಳುವುದೆಂದು ತಿಳಿಯುವ ಮುನ್ನ. ಅಂದು ಪುಸ್ತಕವನ್ನು ಮುಚ್ಚಿ, ನನ್ನ ಕುದುರೆಪಡೆಯನ್ನು ನಾನೇ ಮೇಜಿನಿಂದ ಎತ್ತಿಟ್ಟೆ. ಆಟ ಸೋತಿತು, ಗೆಳೆತನ ಉಳಿಯಿತು.