ಕೊಳ್ಳುವ ಬೆಲೆ ಗೊತ್ತು, ಮಾರುವ ಬೆಲೆ ಗೊತ್ತಿಲ್ಲ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಸೀಮೆಯ ಲಿಂಬೆ ತೋಟಗಳಿಗೆ ಕಾಯಿ ಇನ್ನೂ ಗೋಲಿ ಗಾತ್ರದಲ್ಲಿರುವಾಗಲೇ ವ್ಯಾಪಾರಿಗಳು ಬರುತ್ತಾರೆ. ಗಿಡದ ಸುತ್ತ ತಿರುಗಿ, ಟೊಂಗೆ ಎತ್ತಿ ನೋಡಿ, ಬಾವಿಯಲ್ಲಿ ನೀರೆಷ್ಟಿದೆ ಎಂದು ಇಣುಕುತ್ತಾರೆ. ಆಮೇಲೆ ಇಡೀ ತೋಟದ ಫಸಲಿಗೆ ಒಂದು ಮೊತ್ತ ಮಾತಾಗಿ ಮುಂಗಡ ಕೈ ಬದಲಾಗುತ್ತದೆ. ಅಲ್ಲಿಂದಾಚೆ ಆಲಿಕಲ್ಲು ಬಿದ್ದರೂ, ದರ ಕುಸಿದರೂ ಅದು ಗುತ್ತಿಗೆ ಹಿಡಿದವನ ಪಾಲು. ಬೇಸಿಗೆಯ ಬಿಸಿಲು ಜೋರಾಗಿ ಹೈದರಾಬಾದಿನಲ್ಲೋ ಪುಣೆಯಲ್ಲೋ ಬೇಡಿಕೆ ಏರಿದರೆ ಬರುವ ಲಾಭವೂ ಅವನದೇ.

ಉದ್ಯಮಿ ಎಂದರೆ ಯಾರು ಎಂದು ಅರ್ಥಶಾಸ್ತ್ರದಲ್ಲಿ ಮೊದಲು ಸ್ಪಷ್ಟವಾಗಿ ಹೇಳಿದವರಲ್ಲಿ ಐರ್ಲೆಂಡ್ ಮೂಲದ ರಿಚರ್ಡ್ ಕ್ಯಾಂಟಿಲನ್ ಒಬ್ಬ. ಪ್ಯಾರಿಸ್‌ನಲ್ಲಿ ಹಣಕಾಸಿನ ವ್ಯವಹಾರ ನಡೆಸಿದ ಈತನ ಪುಸ್ತಕ ಹೊರಬಂದದ್ದು ಈತ ಸತ್ತ ಎರಡು ದಶಕಗಳ ನಂತರ, 1755ರಲ್ಲಿ. ಗೊತ್ತಿರುವ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರುವವನೇ ಉದ್ಯಮಿ ಎಂಬುದು ಅವನ ಮಾತಿನ ತಿರುಳು. ಆ ಸಾಲಿನಲ್ಲಿ ಅವನು ರೈತನನ್ನೂ ನಿಲ್ಲಿಸಿದ್ದ. ವಿಜಯಪುರ ಜಿಲ್ಲೆಯ ಮಟ್ಟಿಗೆ ಇದಕ್ಕಿಂತ ಹೊಂದುವ ವಿವರಣೆಯನ್ನು ನಾನು ಕಂಡಿಲ್ಲ. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲಕ್ಕೂ ಮೊದಲೇ ರೊಕ್ಕ ಎಣಿಸಿ, ರಾಶಿಯಾದ ಮೇಲೆ ಅಡತಿ ಅಂಗಡಿಯಲ್ಲಿ ದರ ಕೇಳಿಕೊಂಡು ಬರುವವರ ನಾಡು ಇದು. ‘ನಮ್ಮ ಹುಡುಗರಿಗೆ ಧೈರ್ಯ ಇಲ್ಲ, ನೌಕರಿಯನ್ನೇ ಹುಡುಕುತ್ತಾರೆ’ ಎಂದು ಸಭೆಗಳಲ್ಲಿ ಹೇಳುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ಮಳೆಯನ್ನು ನಂಬಿ ತೊಗರಿ ಬಿತ್ತುವ ಮನೆಯಲ್ಲಿ ಧೈರ್ಯಕ್ಕೆ ಬರವಿಲ್ಲ. ಕೊರತೆ ಇರುವುದು ಬೇರೆ ಕಡೆ: ಎಷ್ಟರವರೆಗೆ ಕಳೆದುಕೊಂಡರೆ ಮನೆ ನಡೆದೀತು ಎಂಬ ಲೆಕ್ಕದಲ್ಲಿ, ರೊಕ್ಕ ಮರಳುವ ತನಕ ತಡೆದುಕೊಳ್ಳುವ ಶಕ್ತಿಯಲ್ಲಿ.

ಲಿಂಬೆಯನ್ನೇ ಇನ್ನಷ್ಟು ಹತ್ತಿರದಿಂದ ನೋಡೋಣ. ಗಿಡಕ್ಕೆ ವರ್ಷದಲ್ಲಿ ಮೂರು ಹೂವಿನ ಕಾಲ: ಜನವರಿ-ಫೆಬ್ರುವರಿಯ ಅಂಬೆ ಬಹಾರ, ಜೂನ್-ಜುಲೈನ ಮೃಗ ಬಹಾರ, ಸೆಪ್ಟೆಂಬರ್-ಅಕ್ಟೋಬರಿನ ಹಸ್ತ ಬಹಾರ. ಹೂವಿನಿಂದ ಹಣ್ಣಿಗೆ ಐದಾರು ತಿಂಗಳು ಬೇಕು. ಗಿಡ ತಾನಾಗಿ ಹೆಚ್ಚು ಹೂ ಬಿಡುವುದು ಅಂಬೆ ಬಹಾರದಲ್ಲಿ, ಹಾಗಾಗಿ ಹಣ್ಣೂ ಮಳೆಗಾಲದಲ್ಲೇ ಬಂದು ಸುರಿಯುತ್ತದೆ. ಶರಬತ್ತು ಯಾರಿಗೂ ಬೇಡವಾದ ಹೊತ್ತು ಅದು. ಬೇಸಿಗೆಯಲ್ಲಿ ಸಾವಿರಗಟ್ಟಲೆ ರೂಪಾಯಿಗೆ ಏರುವ ಡಾಗು, ಅಂದರೆ ಸಾವಿರ ಹಣ್ಣಿನ ಚೀಲ, ಆಗ ನೂರರ ಲೆಕ್ಕಕ್ಕೆ ಇಳಿಯುತ್ತದೆ.

ಹಾಗಾದರೆ ಎಲ್ಲರೂ ಹಸ್ತ ಬಹಾರವನ್ನೇ ಹಿಡಿದು ಏಪ್ರಿಲ್-ಮೇ ತಿಂಗಳಿಗೆ ಹಣ್ಣು ತರಬಾರದೇಕೆ? ಹೂ ಬರಬೇಕಾದರೆ ಅದಕ್ಕೆ ಮುಂಚೆ ಗಿಡವನ್ನು ನೀರಿಲ್ಲದೆ ಬಾಡಿಸಬೇಕು. ಈ ಭಾಗದಲ್ಲಿ ಮಳೆ ಹೆಚ್ಚು ಬೀಳುವುದೇ ಸೆಪ್ಟೆಂಬರಿನಲ್ಲಿ. ರೈತ ನೀರು ನಿಲ್ಲಿಸಿದರೂ ಮುಗಿಲು ನಿಲ್ಲಿಸುವುದಿಲ್ಲ. ಇದಕ್ಕೆ ಸಂಶೋಧಕರು ದಾರಿ ತೋರಿದ್ದಾರೆ. ಜೂನ್‌ನಲ್ಲಿ ಜಿಬ್ಬರೆಲಿಕ್ ಆಮ್ಲ ಸಿಂಪಡಿಸಿ ಬೇಡದ ಹೂವನ್ನು ತಡೆಯುವುದು, ಸೆಪ್ಟೆಂಬರಿನಲ್ಲಿ ಸೈಕೋಸೆಲ್, ಅಕ್ಟೋಬರಿನಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಕೊಟ್ಟು ಬೇಕಾದ ಹೂವನ್ನು ಬರಿಸುವುದು. ಸಿಂಪರಣೆಗೆ ಖರ್ಚಿದೆ, ಮುಂಗಾರಿನ ಫಸಲಿನ ಒಂದು ಪಾಲನ್ನು ಬಿಟ್ಟುಕೊಡಬೇಕು, ಬೇಸಿಗೆಯಲ್ಲಿ ಕಾಯಿಗೆ ನೀರು ಉಳಿದಿರಬೇಕು. ಇಷ್ಟಾದ ಮೇಲೂ ಮೇ ತಿಂಗಳ ದರಕ್ಕೆ ಯಾರೂ ಚೀಟಿ ಬರೆದುಕೊಡುವುದಿಲ್ಲ. ಇಡೀ ತೋಟವನ್ನು ಒಮ್ಮೆಲೇ ಇದಕ್ಕೆ ಒಡ್ಡುವ ರೈತನಿಗಿಂತ, ಮೊದಲ ವರ್ಷ ನಾಲ್ಕು ಸಾಲು ಗಿಡದಲ್ಲಿ ಮಾಡಿ ನೋಡುವವನನ್ನು ನಾನು ನಿಜವಾದ ಉದ್ಯಮಿ ಎನ್ನುತ್ತೇನೆ. ಭಾರತ ಮೂಲದ ವಿದ್ವಾಂಸೆ ಸರಸ್ ಸರಸ್ವತಿ ಅಮೆರಿಕದಲ್ಲಿ ಪಳಗಿದ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಎಂದು ಅಭ್ಯಾಸ ಮಾಡಿ 2001ರಲ್ಲಿ ಪ್ರಕಟಿಸಿದ ಸಿದ್ಧಾಂತದಲ್ಲೂ ಇದೇ ಇದೆ. ಎಷ್ಟು ಬಂದೀತು ಎಂಬುದಕ್ಕಿಂತ ಮೊದಲು ಎಷ್ಟು ಹೋದರೆ ತಡೆದುಕೊಳ್ಳಬಲ್ಲೆ ಎಂದು ಅವರು ಕೇಳಿಕೊಳ್ಳುತ್ತಾರೆ.

ಇಂಡಿ ಲಿಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2025ರಲ್ಲಿ ಅದೇ ಹೆಸರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನಕ್ಕೆ ಹಣ್ಣು ಹೋಯಿತು. ಊರಿಗೆ ಇದು ಹೆಮ್ಮೆಯ ಸಂಗತಿಯೇ. ಆದರೆ ಮಾನ್ಯತೆಯಿಂದ ಸಿಗುವುದು ಹೆಸರಿಗೆ ರಕ್ಷಣೆ, ದರಕ್ಕಲ್ಲ. ಒಂದೇ ಗಾತ್ರ, ಒಂದೇ ಬಣ್ಣ, ಕೀಟನಾಶಕದ ಉಳಿಕೆ ಮಿತಿಯೊಳಗೆ ಇರುವ ಹಣ್ಣನ್ನು ಹೇಳಿದ ದಿನ ಒದಗಿಸುವವರು ಬೇಕು. ಆರಿಸಿ ಉಳಿದ ಹಣ್ಣನ್ನು ಏನು ಮಾಡುವುದು ಎಂಬ ಪ್ರಶ್ನೆಯಿಂದಲೇ ಇನ್ನೊಂದು ಉದ್ಯಮ ಹುಟ್ಟುತ್ತದೆ: ಉಪ್ಪಿನಕಾಯಿ.

ಉಪ್ಪಿನಕಾಯಿಗೆ ಮಳೆಗಾಲದ ಅಗ್ಗದ ಹಣ್ಣು ಸಾಕು ಎಂದು ಮಹಿಳಾ ಸಂಘಗಳು ಉತ್ಸಾಹದಿಂದ ಶುರುಮಾಡುತ್ತವೆ. ಒಂದು ಊಹೆಯ ಲೆಕ್ಕ ಹಾಕೋಣ. ಒಂದು ಸಣ್ಣ ಬಾಟಲಿಗೆ ಹಣ್ಣಿಗೆ 5 ರೂಪಾಯಿ, ಉಪ್ಪು-ಖಾರ-ಎಣ್ಣೆಗೆ 12, ಬಾಟಲಿ ಮತ್ತು ಲೇಬಲ್‌ಗೆ 10, ಒಟ್ಟು 27. ಅಂಗಡಿಗೆ 45ಕ್ಕೆ ಕೊಟ್ಟರೆ 18 ರೂಪಾಯಿ ಲಾಭ ಎಂದು ತೋರುತ್ತದೆ. ಇಬ್ಬರು ಹೆಣ್ಣುಮಕ್ಕಳು ದಿನವಿಡೀ ದುಡಿದು 60 ಬಾಟಲಿ ತುಂಬುತ್ತಾರೆ, ದಿನಗೂಲಿ 300 ಎಂದಿಟ್ಟರೆ ಬಾಟಲಿಗೆ ಮತ್ತೆ 10 ರೂಪಾಯಿ. ಮನೆಯವರೇ ಮಾಡಿದ್ದು ಎಂದು ಈ ಹತ್ತನ್ನು ಬಿಟ್ಟುಬಿಡುವುದು ನಮ್ಮ ಹಳ್ಳಿಗಳಲ್ಲಿ ಕಾಣುವ ದೊಡ್ಡ ತಪ್ಪು, ಹೆಂಗಸರ ದುಡಿಮೆಗೆ ಮಾಡುವ ಅನ್ಯಾಯವೂ ಹೌದು. ಉಳಿದದ್ದು 8 ರೂಪಾಯಿ. ನೂರು ಬಾಟಲಿಗೆ 800. ಅದರಲ್ಲಿ ಹತ್ತು ಬಾಟಲಿ ಸೋರಿಯೋ ಬೂಸಲು ಬಂದೋ ಮರಳಿದರೆ 450 ಹೋಗಿ ಕೈಗೆ ಬರುವುದು 350.

ಉದ್ರಿಯ ಮಾತು ಇನ್ನೂ ಬಾಕಿಯಿದೆ. ಅಂಗಡಿಯವನು ತಿಂಗಳಿಗೆ ರೊಕ್ಕ ಕೊಡುವವನಾದರೆ, 25 ದಿನದ ಕೆಲಸದಲ್ಲಿ 1,500 ಬಾಟಲಿ ಹೊರಗೆ ಹೋಗಿರುತ್ತವೆ. ಮೊದಲ ರೂಪಾಯಿ ಮರಳುವ ಮುನ್ನ ಸಂಘದ ಕೈಯಿಂದ 55,500 ರೂಪಾಯಿ ಖರ್ಚಾಗಿದೆ. ಮಾಲು ಚೆನ್ನಾಗಿದ್ದರೂ, ಗಿರಾಕಿ ಇದ್ದರೂ ಘಟಕ ಬಾಗಿಲು ಹಾಕಬಹುದು. ಯಂತ್ರಕ್ಕೆ ಸಾಲ ತೆಗೆದು ದುಡಿಯುವ ಬಂಡವಾಳಕ್ಕೆ ಏನನ್ನೂ ಇಟ್ಟುಕೊಳ್ಳದವರಿಗೆ ಆಗುವುದು ಇದೇ.

ನಗದು ವ್ಯಾಪಾರದ ಬಲ ಏನೆಂದು ತಿಳಿಯಲು ಕೊಲ್ಹಾರಕ್ಕೆ ಹೋಗಬೇಕು. ಈಗ ಬೇರೆ ತಾಲ್ಲೂಕಾಗಿರುವ ಕೊಲ್ಹಾರ ಹಿಂದೆ ಬಸವನ ಬಾಗೇವಾಡಿಗೆ ಸೇರಿತ್ತು. ಕೃಷ್ಣೆಯ ದಂಡೆಯ ಈ ಊರಿನ ಎಮ್ಮೆ ಮೊಸರು ಮಣ್ಣಿನ ಪುಟ್ಟ ಮಡಕೆಗಳಲ್ಲಿ ಮಾರಾಟವಾಗುತ್ತದೆ. ಮಡಕೆಯ ಮೈ ನೀರಿನಂಶ ಹೀರುವುದರಿಂದ ಮೊಸರು ಕೊಯ್ದು ತಿನ್ನುವಷ್ಟು ಗಟ್ಟಿ. ಬಸ್ಸು ನಿಂತ ಕೂಡಲೇ ಕಿಟಕಿಯ ಬಳಿ ಮಡಕೆ ಬರುತ್ತದೆ, ರೊಕ್ಕ ಕೈಗೆ ಬೀಳುತ್ತದೆ, ಬಸ್ಸು ಹೊರಡುತ್ತದೆ. ಉದ್ರಿಗೆ ಜಾಗವೇ ಇಲ್ಲ. ಬೆಳಿಗ್ಗೆ ಹಾಲಿಗೆ ಕೊಟ್ಟದ್ದು ಸಂಜೆಗೆ ಮರಳುತ್ತದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಿತು, ಜನ ಹೊಸ ಊರು ಕಟ್ಟಿಕೊಂಡರು. ಮನೆ, ಗುಡಿ, ಓಣಿ ಎಲ್ಲ ಹೋದರೂ ಮೊಸರಿನ ಹೆಸರು ಹೋಗಲಿಲ್ಲ. ಮಾಡುವ ಕೈ, ಎಮ್ಮೆ, ರಸ್ತೆಯಲ್ಲಿ ಹೋಗುವ ಗಿರಾಕಿ ಈ ಮೂರೂ ಉಳಿದಿದ್ದವು. ಜಾಹೀರಾತಿಲ್ಲದೆ ಒಂದು ಊರು ತನ್ನ ಹೆಸರನ್ನೇ ಮಾಲಿನ ಮೇಲೆ ಅಚ್ಚೊತ್ತಿದ ಇಂಥ ಉದಾಹರಣೆ ಕರ್ನಾಟಕದಲ್ಲಿ ಕಡಿಮೆ.

ವ್ಯವಹಾರದ ಪಾಠ ಊರ ಹೊರಗೂ ಸಿಗುತ್ತದೆ. ಮುದ್ದೇಬಿಹಾಳದ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುವವರನ್ನು ನಾವು ಬರೀ ಕಷ್ಟದ ಕಥೆಯಾಗಿ ನೋಡುತ್ತೇವೆ. ಕಷ್ಟ ಇದೆ, ಅದನ್ನು ಕಡೆಗಣಿಸಬಾರದು. ಆದರೆ ಕೂಲಿಯಾಗಿ ಹೋಗಿ ಮೇಸ್ತ್ರಿಯಾದವನು ಕಲಿತದ್ದು ಬಹಳ: ಹತ್ತು ಜನರನ್ನು ಹೊಂದಿಸುವುದು, ಮುಂಗಡ ಕೊಟ್ಟು ವಸೂಲು ಮಾಡುವುದು, ಚದರಡಿ ಲೆಕ್ಕದಲ್ಲಿ ಕೆಲಸ ಹಿಡಿದು ನಷ್ಟವಿಲ್ಲದೆ ಮುಗಿಸುವುದು. ಊರಿಗೆ ಮರಳಿದರೆ ಅವನಿಗೆ ಬೇಕಾದದ್ದು ಸಾಲ ಮಾತ್ರ.

ಸಾಲದ ವಿಷಯದಲ್ಲಿ ಈ ಜಿಲ್ಲೆಗೆ ದೊಡ್ಡ ಪರಂಪರೆ ಇದೆ. ವಚನಗಳ ತಾಡೋಲೆಗಳನ್ನು ಹುಡುಕಿ ಉಳಿಸಿದ ಫ.ಗು. ಹಳಕಟ್ಟಿಯವರು 1912ರಲ್ಲೇ ವಿಜಯಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದರು. ಸಾಹುಕಾರನ ಬಡ್ಡಿಯ ಕೈಯಿಂದ ಸಣ್ಣವರನ್ನು ಬಿಡಿಸದೆ ಬೇರೆ ಯಾವ ಸುಧಾರಣೆಯೂ ನಿಲ್ಲದು ಎಂಬ ಅರಿವು ಆ ಕೆಲಸದಲ್ಲಿ ನನಗೆ ಕಾಣುತ್ತದೆ. ಮುಂದೆ ಹಿತಚಿಂತಕ ಮುದ್ರಣಾಲಯಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರು. ಅದು ತ್ಯಾಗ, ಅದಕ್ಕೆ ಕೈ ಮುಗಿಯಬೇಕು. ಹೊಸದಾಗಿ ಅಂಗಡಿ ತೆರೆಯುವವರಿಗೆ ಮಾತ್ರ ನಾನು ಮನೆ ಮಾರಿ ಎಂದು ಹೇಳಲಾರೆ.

ಇಂದು ದಾರಿಗಳು ಹೆಚ್ಚಿವೆ. ಕಿರು ಆಹಾರ ಘಟಕಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ವಿಜಯಪುರ ಜಿಲ್ಲೆಗೆ ಗೊತ್ತುಮಾಡಿದ ಬೆಳೆ ಲಿಂಬೆಯೇ. ವೆಚ್ಚದ ಶೇ 35ರಷ್ಟು, 10 ಲಕ್ಷ ರೂಪಾಯಿ ಮೀರದಂತೆ ಸಹಾಯಧನ. ಅದರ ಮೇಲೆ ರಾಜ್ಯದ್ದು ಶೇ 15. ಈ ಹಣ ಕೈಗೆ ಬರುವುದಿಲ್ಲ ಎಂಬುದನ್ನು ಅನೇಕರು ತಡವಾಗಿ ತಿಳಿಯುತ್ತಾರೆ. ಅದು ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತು, ಮೂರು ವರ್ಷ ಕಂತು ಸರಿಯಾಗಿ ಕಟ್ಟಿದವರ ಸಾಲಕ್ಕೆ ಜಮೆಯಾಗುತ್ತದೆ. ಕನಿಷ್ಠ ಶೇ 10 ಸ್ವಂತ ಹಣ ಬೇಕು. ಅರ್ಜಿ, ಯೋಜನಾ ವರದಿ, ಬ್ಯಾಂಕಿನ ಪರಿಶೀಲನೆ, ಯಂತ್ರದ ಖರೀದಿ ಇಷ್ಟಕ್ಕೇ ತಿಂಗಳುಗಳು ಹಿಡಿಯುತ್ತವೆ. ಇಂಡಿಯಲ್ಲಿ ಹಣ್ಣು ಅಗ್ಗವಾಗುವುದು ಜೂನ್‌ನಿಂದಾಚೆ. ಉಪ್ಪಿನಕಾಯಿ ಹಾಕಬೇಕೆನ್ನುವವರು ಹಿಂದಿನ ದೀಪಾವಳಿಯ ಹೊತ್ತಿಗೇ ಅರ್ಜಿ ಕೊಟ್ಟಿರಬೇಕು. ಅರ್ಜಿಯಲ್ಲಿ ಯಂತ್ರದ ಬೆಲೆಯ ಪಕ್ಕದಲ್ಲಿ ಒಂದು ತಿಂಗಳ ಉದ್ರಿಯ ಮೊತ್ತವನ್ನೂ ದುಡಿಯುವ ಬಂಡವಾಳವೆಂದು ಕಾಣಿಸಬೇಕು.